ಕಾಕಾನ ಫಸ್ಟ್ ಕ್ಲಾಸ್ ಹಟ

ನಮ್ಮ ಕಾಕಾ ಪರದೇಶಕ್ಕೆ ಏಳು ಸಲ ಹೊರಟವನು. ಏಳು ಸಲವೂ ಕಲಬುರಗಿ ಸ್ಟೇಷನ್ನಿನಿಂದಲೇ ಮನೆಗೆ ವಾಪಸು ಬಂದವನು! ಇಂಥ ಪ್ರವಾಸಿಯನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡು ಕಂಡು ಹೊಟ್ಟೆ ಉರಿಸಿಕೊಂಡಿದ್ದೇನೆ.

ಪರದೇಶ ಎಂದೊಡನೆ ಹಡಗು, ವಿಲಾಯಿತಿ ಎಂದೆಲ್ಲ ಯೋಚಿಸಬೇಡಿ. ಸೊಲ್ಲಾಪುರ! ಆಗ ನಮ್ಮದು ನಿಜಾಮರ ಸೀಮೆ, ಸೊಲ್ಲಾಪುರ ಇಂಗ್ಲಿಷರದು. ನಾಣ್ಯ ಬೇರೆ, ಪೊಲೀಸರ ಟೋಪಿ ಬೇರೆ, ನಡುವೆ ಗಂಟುಮೂಟೆ ಬಿಚ್ಚಿಸಿ ನೋಡುವ ಸುಂಕದ ನಾಕಾ. ರೈಲಿನಲ್ಲಿ ಮೂರು ತಾಸು ಹೋದರೆ ಮುಗಿಯಿತು, ಪರದೇಶ. ಅಲ್ಲಿ ನನ್ನ ಚಿಗವ್ವನ, ಅಂದರೆ ಕಾಕಾನ ಹೆಂಡತಿಯ, ಒಬ್ಬಳೇ ತಂಗಿ ಇದ್ದಳು. ಆ ತಂಗಿಗೆ ಮೂರು ಮಕ್ಕಳಾಗಿದ್ದವು. ಚಿಗವ್ವ ಒಂದರ ಮುಖವನ್ನೂ ನೋಡಿರಲಿಲ್ಲ. ಕಾರಣವೇನು? ಕಾಕಾನಿಗೆ ಫಸ್ಟ್ ಕ್ಲಾಸೇ ಆಗಬೇಕು!

ಹಾಗೆಂದು ಕಾಕಾ ನವಾಬನಲ್ಲ. ಕಮಲಾಪುರದಲ್ಲಿ ಕೆಂಪು ಬಾಳೆಯ ಸಣ್ಣ ತೋಟವಿತ್ತು, ಅಷ್ಟೆ. ಮನೆಯಲ್ಲಿ ನೆಲದ ಮೇಲೆ ಕಂಬಳಿ ಹಾಸಿ ಮಲಗುವವನು. ಕಲಬುರಗಿಗೆ ಬರುವಾಗ ಮೋಟಾರಿನ ನೆತ್ತಿಯ ಮೇಲೆ ಬಾಳೆಗೊನೆಗಳ ನಡುವೆ ಕುಳಿತು ಬರುವವನು. ಇಂಥವನಿಗೆ ರೈಲಿನಲ್ಲಿ ಮಾತ್ರ ಮೆತ್ತನೆಯ ಗಾದಿ! ಯಾವ ನ್ಯಾಯ ಇದು?

ನಾನು ಆಗ ಕಲಬುರಗಿಯಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ರಜೆ ಬಂತೆಂದರೆ ನಾವು ಮೂವರೂ ಸೊಲ್ಲಾಪುರಕ್ಕೆ ಹೊರಡುವುದೆಂದು ಮಾತಾಗುತ್ತಿತ್ತು. ಒಂದು ಸಲ ಸ್ಟೇಷನ್ನಿಗೆ ಹೋದರೆ ಫಸ್ಟ್ ಕ್ಲಾಸ್ ಭರ್ತಿ. ಟಿಕೆಟ್ ಬಾಬು ಒಳ್ಳೆಯವನು.

“ಸೆಕೆಂಡ್ ಕ್ಲಾಸ್ ಖಾಲಿ ಅದ್ರಿ. ಅದಕ್ಕೂ ಗಾದಿ ಅದ.”

“ಎಷ್ಟು ದಪ್ಪ ಅದ?” ಎಂದು ಕೇಳಿದ ನಮ್ಮ ಕಾಕಾ.

ಬಾಬು ಕನ್ನಡಕದ ಮೇಲಿಂದ ನೋಡಿದ. “ಸೊಲ್ಲಾಪುರಕ್ಕ ಹೊಂಟೀರೋ, ಗಾದಿ ಖರೀದಿಗಿ ಬಂದೀರೋ?”

ಅಂದು ತಂಗಿಗೆಂದು ತಂದ ಬಾಳೆಹಣ್ಣೆಲ್ಲ ನನ್ನ ಶಾಲೆಯ ಹುಡುಗಿಯರ ಪಾಲಾಯಿತು. ಮುಂದೆ ಅದೇ ರೂಢಿಯಾಗಿ, ಕಾಕಾ ಪರದೇಶಕ್ಕೆ ಹೊರಟನೆಂದರೆ ನಮ್ಮ ಶಾಲೆಯಲ್ಲಿ ಹಬ್ಬ!

ಇನ್ನೊಂದು ಸಲ ಟಿಕೆಟ್ಟೂ ಸಿಕ್ಕಿತು. ಚಿಗವ್ವ ಒಳಗೆ ಹೋಗಿ, ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕುಳಿತೂ ಬಿಟ್ಟಳು. ಮುಖದಲ್ಲಿ ಏನು ಬೆಳಕು! ಅಷ್ಟರಲ್ಲಿ ಕಾಕಾ ಗಾದಿಯನ್ನು ಅಲ್ಲಲ್ಲಿ ಒತ್ತಿ ನೋಡಿದ.

“ಸ್ಪ್ರಿಂಗ್ ಚುಚ್ತದ. ಇಳಿ ಕೆಳಗ.”

“ನನಗೇನೂ ಚುಚ್ಚವಲ್ದರಿ,” ಎಂದಳು ಚಿಗವ್ವ.

“ಈಗ ಚುಚ್ಚಂಗಿಲ್ಲ. ದುಧನಿ ದಾಟಿದ ಮ್ಯಾಲ ಚುಚ್ತದ!”

ಸರಹದ್ದು ದಾಟಿದೊಡನೆ ಚುಚ್ಚಬೇಕೆಂದು ಸ್ಪ್ರಿಂಗಿಗೆ ಯಾರು ಹುಕುಂ ಕೊಟ್ಟಿದ್ದರೋ! ಚಿಗವ್ವ ಇಳಿದಳು. ಗಾಡಿ ಹೋಗುವುದನ್ನು ಕೊನೆಯ ಡಬ್ಬಿಯವರೆಗೂ ನೋಡುತ್ತ ನಿಂತಳು. ಅಂದು ನಾನು ಕಾಕಾನ ಜತೆ ಮಾತು ಬಿಟ್ಟೆ.

ಆಮೇಲೆ ಗಲಭೆ, ಲೂಟಿಯ ಕೆಟ್ಟ ದಿನಗಳು ಬಂದವು. ಬಾಗಿಲಿಗೆ ಅಗಳಿ ಹಾಕಿ ಉಸಿರು ಬಿಗಿಹಿಡಿದು ಕುಳಿತಿದ್ದೆವು. ಪರದೇಶದ ಮಾತು ಯಾರಿಗೆ ಬೇಕಿತ್ತು? ಕೊನೆಗೆ ಪೊಲೀಸ್ ಆ್ಯಕ್ಷನ್ ಆಯಿತು, ನಿಜಾಮರ ಆಳ್ವಿಕೆ ಮುಗಿಯಿತು. ಬೀದಿಯಲ್ಲಿ ಜನ ಸಕ್ಕರೆ ಹಂಚಿದರು. ನಾನು ಕಮಲಾಪುರಕ್ಕೆ ಓಡಿದರೆ ನಮ್ಮ ಕಾಕಾ ಒಬ್ಬನೇ ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕುಳಿತಿದ್ದ.

“ಸೊಲ್ಲಾಪುರ ಇನ್ನ ಪರದೇಶ ಅಲ್ಲಂತಲ್ಲ!”

“ಚಲೋ ಆತಲ್ಲ ಕಾಕಾ?”

“ಏನ್ ಚಲೋ? ನಿಮ್ಮ ಚಿಗವ್ವಗ ಫಸ್ಟ್ ಕ್ಲಾಸಿನಾಗ ಪರದೇಶ ತೋರಸ್ತೀನಿ ಅಂದಿದ್ದೆ. ಸರಕಾರ ನನಗ ಒಂದು ಮಾತು ಕೇಳಬಾರದಿತ್ತೇನು?”

ನನ್ನ ಸಹನೆ ಅಲ್ಲಿಗೆ ಮುಗಿಯಿತು.

“ಕೇಳು ಕಾಕಾ. ಬರೋ ರಜಾದಾಗ ನಾನೇ ಚಿಗವ್ವನ ಥರ್ಡ್ ಕ್ಲಾಸಿನಾಗ ಕರ್ಕೊಂಡು ಹೋಗ್ತೀನಿ. ನೀ ನಿನ್ನ ಗಾದಿ ಹುಡುಕ್ಕೋತ ಇರು!”

ಕಾಕಾ ಜಗಳಕ್ಕೆ ಬರುತ್ತಾನೆ ಎಂದುಕೊಂಡಿದ್ದೆ. ಬರಲಿಲ್ಲ. “ಥರ್ಡ್ ಬ್ಯಾಡವ್ವ,” ಎಂದ, ಬಹಳ ಸಣ್ಣ ದನಿಯಲ್ಲಿ. ರಜೆ ಬಿದ್ದ ದಿನ ತಾನೇ ಮೂರು ಫಸ್ಟ್ ಕ್ಲಾಸ್ ಟಿಕೆಟ್ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದ.

ಅಂತೂ ಎಂಟನೆಯ ಸಲ ಹೊರಟೆವು. ಗಾಡಿ ಕದಲಿತು, ನಾವು ಮೂವರೂ ಅದರೊಳಗೇ ಇದ್ದೆವು! ಡಬ್ಬಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕಾಕಾ ಚಿಗವ್ವನನ್ನು ಕಿಟಕಿಯ ಪಕ್ಕ ಕೂರಿಸಿದ, ಗಾಳಿ ಹೆಚ್ಚಾಯಿತೇ ಎಂದು ಕೇಳಿದ, ಕಾಲು ಚಾಚಿಕೋ ಎಂದ. ತಾನು ಮಾತ್ರ ಹೋಗಿ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತ. ಗಾಣಗಾಪುರ ಬಂತು, ನಿಂತೇ ಇದ್ದ. ದುಧನಿ ಬಂತು, ನಿಂತೇ ಇದ್ದ. ಗಾದಿಯ ಮೇಲೆ ಇನ್ನೂ ನಾಲ್ಕು ಜನ ಕೂರುವಷ್ಟು ಜಾಗ! ನನಗೆ ಮತ್ತೆ ಮೈ ಉರಿಯಿತು.

“ಇಷ್ಟು ವರ್ಷ ಗಾದಿ ಗಾದಿ ಅಂತ ಆ ಬಡಪಾಯಿನ ಗೋಳು ಹೊಯ್ಕೊಂಡಿ. ಈಗ ಯಾಕ ಕುಂದ್ರವಲ್ಲಿ?”

ಕಾಕಾ ಚಿಗವ್ವನ ಕಡೆ ನೋಡಿದ. ಅವಳು ಕಣ್ಣು ಮುಚ್ಚಿದ್ದಳು. ಅವನು ದನಿ ತಗ್ಗಿಸಿದ.

“ಮದಿವಿ ಆದ ಮರುವರ್ಷ, ಸೊಲ್ಲಾಪುರದಿಂದ ತಿರುಗಿ ಬರಾಗ ಥರ್ಡ್ ಕ್ಲಾಸು. ಕಾಲಿಡಲಿಕ್ಕ ಜಾಗ ಇಲ್ಲ. ನಿಮ್ಮ ಚಿಗವ್ವ ಬಸುರಿ. ಬಾಗಲ ಹತ್ರ ನಿಂತಿದ್ಳು. ನನಗ ಜಾಗ ಸಿಕ್ಕಿತ್ತು, ನಮ್ಮಪ್ಪನ ಬಾಜೂಕ. ಹಿರಿಯರ ಮುಂದ ಹೆಂಡ್ತಿ ಕೂಡ ಮಾತಾಡಂಗಿಲ್ಲ ಆವಾಗ. ಎದ್ದು ಜಾಗ ಕೊಟ್ರ ನಾಕು ಮಂದಿ ನಗ್ತಾರ ಅಂತ… ಕಲಬುರಗಿ ತನಕ ಕಿಡಕ್ಯಾಗ ನೋಡ್ಕೋತ ಕುಂತೆ ನೋಡವ್ವ. ಅಕಿ ನಿಂತೇ ಬಂದ್ಳು. ಒಂದಿನನೂ ಅದರ ಮಾತು ತಗದಿಲ್ಲ.”

ಇಂಥ ಮನುಷ್ಯನನ್ನು ಎಷ್ಟೊಂದು ಬೈದಿದ್ದೆ! ಅಷ್ಟರಲ್ಲಿ ಚಿಗವ್ವ ಕಣ್ಣು ತೆರೆಯದೆಯೇ ಮಾತಾಡಿದಳು.

“ದುಧನಿ ತನಕ ನಿಂತ್ರಿ, ಸಾಕು. ಬರ್ರಿ, ಕುಂದರ್ರಿ ಇನ್ನ.”

ಅವಳು ಸೆರಗು ಎಳೆದುಕೊಂಡು ಕಿಟಕಿಯ ಕಡೆ ಸರಿದಳು. ಕಾಕಾ ಬಂದು, ನನ್ನೆದುರಿಗೇ, ಹೆಂಡತಿಯ ಮಗ್ಗುಲಲ್ಲಿ ಕುಳಿತ.