ಶೋರನ್ನರ್ ಸಾಹೇಬರಿಗೆ ನಮ್ಮ ಮಾವನ ಅರ್ಜಿ

ಕೊರಟಗೆರೆಯಲ್ಲಿ ಕೂತುಕೊಂಡು ಬಾಹ್ಯಾಕಾಶದ ಆಡಳಿತ ತಿದ್ದಲು ಹೊರಟ ಮನುಷ್ಯ ಭೂಮಿಯ ಮೇಲೆ ಒಬ್ಬರೇ, ಮತ್ತು ನನ್ನ ಗ್ರಹಚಾರಕ್ಕೆ ಅವರು ನನ್ನ ಸೋದರಮಾವ! ತಾಲ್ಲೂಕು ಕಚೇರಿ ಎದುರಿನ ಹೊಂಗೆಮರದಡಿ ಮೇಜು ಹಾಕಿಕೊಂಡು ಊರವರ ಖಾತೆ, ಪಹಣಿ, ಪಿಂಚಣಿಗೆ ಅರ್ಜಿ ಬರೆದುಕೊಡುವುದು ಅವರ ಕಸುಬು. ಮಿಕ್ಕ ಹೊತ್ತೆಲ್ಲ ಅವರ ವಾಸ ನಕ್ಷತ್ರಗಳ ನಡುವೆ. ಹದಿನೈದು ವರ್ಷದಿಂದ ಓಡುತ್ತಿರುವ ಒಂದು ವಿದೇಶಿ ಸೈನ್ಸ್ ಫಿಕ್ಷನ್ ಸೀರಿಯಲ್ಲಿನ ಒಂದು ಕಂತನ್ನೂ ಬಿಟ್ಟವರಲ್ಲ. ಇಂಗ್ಲಿಷ್ ಬರುತ್ತದೆಯೇ? ಇಲ್ಲ. ಅದರಲ್ಲಿ ಬರುವ ಅನ್ಯಗ್ರಹದವರಿಗೂ ಬರುವುದಿಲ್ಲವಂತೆ, ಅವರು ಬದುಕಿಲ್ಲವೇ!

ಸೀರಿಯಲ್ ನೋಡುವಾಗ ಪಕ್ಕದಲ್ಲಿ ನಮ್ಮ ಅತ್ತೆ. ಅವರಿಗೆ ಮರೆವಿನ ಕಾಯಿಲೆ. ನನ್ನನ್ನು ಮರೆತು ಮೂರು ವರ್ಷವಾಯಿತು. ಕಟ್ಟಿಕೊಂಡ ಗಂಡನನ್ನೂ ಕಳೆದ ಯುಗಾದಿಯಿಂದ "ಅರ್ಜಿಯೋರೇ" ಎಂದೇ ಕರೆಯುತ್ತಾರೆ. ಈ ಲೋಕದಲ್ಲಿ ಅವರಿಗೆ ಗುರುತು ಉಳಿದಿರುವುದು ಒಂದೇ ಮುಖ: ಆ ಸೀರಿಯಲ್ಲಿನ ನೌಕೆಯ ಕ್ಯಾಪ್ಟನ್, ಬಿಳಿಕೂದಲಿನ ಮುದುಕಿ. ಅವಳು ತೆರೆಯ ಮೇಲೆ ಬಂದರೆ "ಬಂದ್ಯೇನವ್ವಾ, ಉಂಡ್ಯಾ?" ಎಂದು ವಿಚಾರಿಸಿ ತಾವೂ ನಾಲ್ಕು ತುತ್ತು ಮುದ್ದೆ ನುಂಗುತ್ತಾರೆ. ಅವಳಿಲ್ಲದಿದ್ದರೆ ಯಾರು ಉಣಿಸಿದರೂ ಬಾಯಿ ತೆರೆಯುವುದಿಲ್ಲ.

ಹೀಗಿರುವಾಗ ಸಿಡಿಲಿನಂತೆ ಸುದ್ದಿ ಬಂತು. ಸೀರಿಯಲ್ಲಿನ ಶೋರನ್ನರ್ ಬದಲಾಗಿದ್ದಾರೆ!

"ಹಂಗಂದ್ರೆ ಯಾರು ಮಾವ?" ಎಂದೆ.

"ನಮ್ಮ ಮೂಡಲಪಾಯದ ಆಟದಲ್ಲಿ ಭಾಗವತ ಇರ್ತಾನಲ್ಲ, ಅಂಗೆ ಕಣ್ಲಾ. ಅವ್ನು ತಾಳ ಹಾಕ್ದಂಗೆ ಎಲ್ರೂ ಕುಣೀಬೇಕು. ದೊಡ್ಡೇರಿ ಕಡೆ ಒಂದ್ಸಲ ಹೊಸ ಭಾಗವತ ಬಂದ್ಬುಟ್ಟು, ಭೀಮನ ವೇಷಕ್ಕೆ ತನ್ನ ಭಾಮೈದನ್ನ ಹಾಕ್ದ. ಗದೆ ಎತ್ತಕ್ಕೆ ಇನ್ನಿಬ್ರು ಬೇಕಾದ್ರು!"

ಈ ಹೊಸ ಶೋರನ್ನರಿಗೆ ಎಷ್ಟು ಜನ ಭಾಮೈದರಿದ್ದಾರೋ ಎಂಬ ಚಿಂತೆಯಲ್ಲಿ ಮಾವ ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಅದಕ್ಕಿಂತ ಕೆಟ್ಟ ಸುದ್ದಿ. ಕಥೆಗೆ ಹೊಸ ರಕ್ತ ಬೇಕಂತೆ. ಕ್ಯಾಪ್ಟನ್ ಸಮೇತ ಹಳಬರೆಲ್ಲ ಹೊರಗಂತೆ.

ಮಾವ ಏನು ಮಾಡಿದರು ಹೇಳಿ? ಅರ್ಜಿ ಬರೆದರು! "ಮಾನ್ಯ ಶೋರನ್ನರ್ ಸಾಹೇಬರ ಸನ್ನಿಧಾನಕ್ಕೆ. ವಿಷಯ: ಹಾಲಿ ಕ್ಯಾಪ್ಟನ್‌ರವರನ್ನು ಅದೇ ಸ್ಥಳದಲ್ಲಿ ಮುಂದುವರಿಸುವ ಬಗ್ಗೆ." ಅರ್ಜಿಗೆ ಸಾರ್ವಜನಿಕರ ಸಹಿ ಬೇಡವೇ? ನನ್ನನ್ನೂ ಖಾಸಗಿ ಬಸ್ಸಿಗೆ ಹತ್ತಿಸಿಕೊಂಡು ಮಧುಗಿರಿ, ಬಡವನಹಳ್ಳಿ, ಶಿರಾ, ಪಾವಗಡ ಸುತ್ತಿಸಿದರು. ಶಿರಾದ ಪಂಕ್ಚರ್ ಅಂಗಡಿಯವರು ಸಹಿ ಹಾಕಿ, "ಫಿಕರ್ ಮಾಡ್ಬೇಡಿ ಸಾಬ್, ಟ್ರಾನ್ಸ್‌ಫರ್ ಕ್ಯಾನ್ಸಲ್ ಆಗ್ತದೆ" ಎಂದು ಧೈರ್ಯ ಹೇಳಿದರು. ಪಾವಗಡದ ಕಡಲೆಕಾಯಿ ವ್ಯಾಪಾರಿ ಸಹಿ ಹಾಕಿದ ಮೇಲೆ, "ಅವುನಪ್ಪಾ, ಈಯಮ್ಮ ಯಾವ ಪಾರ್ಟಿ?" ಎಂದು ತೆಲುಗು ಬೆರೆಸಿ ಕೇಳಿದರು. ನಾನು ಬಸ್‌ಸ್ಟ್ಯಾಂಡಿನ ಕಡೆ ಮುಖ ತಿರುಗಿಸಿ ನಿಂತೆ.

ಅರ್ಜಿ ರಿಜಿಸ್ಟರ್ ಅಂಚೆಯಲ್ಲಿ ಹೋಯಿತು.

"ಇಂಗ್ಲಿಷಲ್ಲಿ ಬರೀಬೇಕಿತ್ತಲ್ವಾ ಮಾವ?"

"ಲೇ, ನಾನ್ ಯಾವ ಭಾಷೇಲಿ ಕೊಟ್ರೂ ಅವ್ರು ಹಿಂಬರಹ ಕೊಡ್ಲೇಬೇಕು. ಅದು ಬರೋಗಂಟ ಕ್ಯಾಪ್ಟನ್ನ ಯಾರೂ ಅಲುಗಾಡ್ಸಂಗಿಲ್ಲ!"

ಕಚೇರಿಯಿಂದ ಲಿಖಿತ ಉತ್ತರ ಬಾರದೆ ಯಾವ ಅರ್ಜಿಯೂ ವಜಾ ಆಗುವುದಿಲ್ಲ ಎಂಬುದು ಅವರು ನಲವತ್ತು ವರ್ಷ ನಂಬಿಕೊಂಡು ಬಂದ ಧರ್ಮ. ಅಂಚೆಯವರು ಬೀದಿಯಲ್ಲಿ ಕಂಡರೆ ಸಾಕು, ಮಾವ ಎದ್ದು ನಿಲ್ಲುತ್ತಿದ್ದರು. ನಾನು ಮೊದಮೊದಲು ನಗುತ್ತಿದ್ದೆ. ಆಮೇಲಾಮೇಲೆ ನೋಡಲಾಗಲಿಲ್ಲ.

ಉತ್ತರ ಬರಲಿಲ್ಲ, ಹೊಸ ಕಂತು ಬಂತು. ಭಾನುವಾರ ಮಧ್ಯಾಹ್ನ ಮುದ್ದೆಯ ತಟ್ಟೆ ಹಿಡಿದು ಮೂವರೂ ಕೂತೆವು. ಹೊಸ ನೌಕೆ, ಥಳಥಳ ಹೊಳೆಯುವ ಗೋಡೆ, ಎಳೇ ಹುಡುಗಿ ಕ್ಯಾಪ್ಟನ್. ಮುದುಕಿಯ ಹೆಸರನ್ನೂ ಯಾರೂ ಎತ್ತಲಿಲ್ಲ.

"ಇವ್ಳ್ಯಾರು? ನಮ್ಮವ್ವ ಎಲ್ಲಿ?" ಎಂದು ಅತ್ತೆ ತಟ್ಟೆ ದೂಡಿಬಿಟ್ಟರು.

ಮಾವ ನನ್ನ ಮುಖ ನೋಡಿದರು. "ಹಿಂಬರಹನೇ ಬಂದಿಲ್ವಲ್ಲೋ, ಹೆಂಗ್ ತೆಗೆದ್ರು?"

ನಾನು ಫೋನು ತಡಕಾಡಿ ಹದಿನೈದು ವರ್ಷ ಹಿಂದಿನ ಮೊಟ್ಟಮೊದಲ ಕಂತನ್ನು ಹುಡುಕಿ ಹಾಕಿದೆ. ಮುದುಕಿ ಬಂದಳು, ಆಗಿನ್ನೂ ಅವಳ ಕೂದಲು ಅರ್ಧ ಕಪ್ಪು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಬಾಯಿ ತೆರೆದರು. ಮಾವ ಗಡಿಬಿಡಿಯಲ್ಲಿ ತುತ್ತು ಇಟ್ಟರು, ಇನ್ನೊಂದು ಇಟ್ಟರು.

ಅರ್ಧ ಮುದ್ದೆ ಮುಗಿದ ಮೇಲೆ ಅತ್ತೆ ಮಾವನ ಕಡೆ ತಿರುಗಿ ಸಂಕೋಚದಿಂದ ಕೇಳಿದರು:

"ಇಷ್ಟೊತ್ತಾದ್ರೂ ಇಲ್ಲೇ ಕುಂತಿದೀರಲ್ಲ ಅರ್ಜಿಯೋರೇ, ಮನೇಲಿ ನಿಮ್ಮ ಹೆಂಡ್ರು ಉಣ್ದೆ ಕಾಯ್ತಿರಲ್ವಾ?"

"ಇಲ್ಲ ಕಣಮ್ಮ," ಎಂದರು ಮಾವ, ಮುಂದಿನ ತುತ್ತು ಮುರಿಯುತ್ತಾ. "ಅವ್ಳೂ ಈಗ ಇದೇ ಕಥೆ ನೋಡ್ಕಂಡು ಉಣ್ತಾವ್ಳೆ."