ಮನವಿ ಸುಟ್ಟು ಹಾಡಿದ ಮಾವ

ನಮ್ಮ ಸೋದರಮಾವ ಧಿಕ್ಕಾರ ಕೂಗದೆ ಬಿಟ್ಟ ಅಧಿಕಾರಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ತಾಲೂಕಿನಲ್ಲಿ ಯಾರಾದರೂ ಉಳಿದಿದ್ದರೆ, ಅವರು ಅಂದು ರಜೆಯ ಮೇಲಿದ್ದರು ಎಂದೇ ಅರ್ಥ!

ಮಾವ ಹೋರಾಟದ ಹಾಡುಗಾರ. ತಮ್ಮ ಮದುವೆಯಲ್ಲೇ ಊಟ ತಡವಾಯಿತೆಂದು ಹೆಣ್ಣಿನ ಕಡೆಯವರ ವಿರುದ್ಧ ಪದ ಕಟ್ಟಿ ಹಾಡಿದರಂತೆ. ಸಿಟ್ಟಾಗಬೇಕಿದ್ದ ಅವರೂ ಹಸಿದಿದ್ದರು. ತಾವೂ ಕೂಡಿ ಸೊಲ್ಲಿಗೆ ದನಿಗೂಡಿಸಿದರು.

ಒಮ್ಮೆ ವಳಕಮದಿನ್ನಿ ಕಡೆಯ ಹೊಲಗಳಿಗೆ ಕಾಲುವೆ ನೀರು ಬರಲಿಲ್ಲವೆಂದು ಸಿಂಧನೂರಿನ ನೀರಾವರಿ ಕಚೇರಿ ಮುಂದೆ ಧರಣಿ. ಮೋಡದ ದಿನ. ಮಾವ ಬಡಿಯುವ ಹಲಗೆಯ ಚರ್ಮ ತಂಪೇರಿ ದನಿಯೇ ಏಳಲೊಲ್ಲದು. ಬೆಂಕಿಗೆ ಹಿಡಿದು ಕಾಯಿಸಬೇಕು. ಮಾವ ಯಾರದೋ ಚೀಲದಲ್ಲಿದ್ದ ಕಾಗದ ಎಳೆದು ಕಡ್ಡಿ ಗೀರಿದರು. ಹಲಗೆ ಚೆನ್ನಾಗಿಯೇ ಕಾಯಿತು. ಸುಟ್ಟದ್ದು ಮಾತ್ರ ಊರವರೆಲ್ಲ ಸಹಿ ಹಾಕಿದ್ದ ಮನವಿ ಪತ್ರ!

ಅಧಿಕಾರಿ ಹೊರಗೆ ಬಂದು, "ಎಲ್ಲೈತ್ರಿ ಮನವಿ?" ಎಂದರು.

"ಸುಟ್ಟು ಹೋಗೇತ್ರಿ ಸಾಹೇಬ್ರ. ನನ್ನ ಬಾಯಾಗ ಐತಿ, ಬರ್ಕೊಳ್ರಿ" ಎಂದ ಮಾವ ಹಾಡತೊಡಗಿದರು. ಗುಮಾಸ್ತ ನಿಯಮದ ಮನುಷ್ಯ. ಪಲ್ಲವಿ ಬಂದಾಗಲೆಲ್ಲ ಮತ್ತೆ ಬರೆದ. ಮನವಿ ಹನ್ನೊಂದು ಪುಟವಾಯಿತು. ವಾರದಲ್ಲಿ ನೀರು ಬಂತು. ಅದು ಹಾಡಿಗೋ, ಗುಮಾಸ್ತನ ಕೈನೋವಿಗೋ, ಯಾರಿಗೆ ಗೊತ್ತು?

ಅತ್ತೆಗೆ ಇದಾವುದೂ ಸೇರದು. "ಹೊರಗ ಸರಕಾರದ ತಲಿ ತಿಂತೀರಿ, ಒಳಗ ನನ್ನ ತಲಿ ತಿಂತೀರಿ. ಒಂದಿನಾರ ಬಾಯಿ ಮುಚ್ಚಿ ಕುಂದರ್ರಿ!" ಎನ್ನುತ್ತಿದ್ದಳು.

ಈ ವರ್ಷ ಮಾವನ ಗಂಟಲಲ್ಲಿ ಗಂಟೆದ್ದು ಆಪರೇಷನ್ ಆಯಿತು. ಎರಡು ತಿಂಗಳು ಮಾತೇ ಆಡಬಾರದು, ಆಮೇಲೆ ದನಿ ಬಂದರೆ ಬಂತು ಎಂದರು ಡಾಕ್ಟರು. ಮಾವ ಜೀವನದಲ್ಲಿ ಪಾಲಿಸಿದ ಮೊದಲ ಆದೇಶ ಅದು.

ಎರಡು ತಿಂಗಳು ಮುಗಿಯಿತು. ಮಾವ ಬಾಯಿ ಬಿಡಲಿಲ್ಲ. ಮಸ್ಕಿಯ ಧರಣಿಗೆ ಕರೆಯಲು ಬಂದವರಿಗೆ ಒಲ್ಲೆನೆಂದು ಕೈಯಾಡಿಸಿದರು. ಮೂರು ತಾಲೂಕಿಗೆ ಹೆದರದ ಮನುಷ್ಯ ತಮ್ಮ ಗಂಟಲಿಗೆ ಹೆದರಿದ್ದರು. ನೋಡಿ ನನಗೆ ಸಂಕಟವಾಯಿತು.

ಕರೆಯಲು ಬಂದವರು ಹೋದ ಮೇಲೆ ಅತ್ತೆ ರೊಟ್ಟಿ ಬಡಿಯುತ್ತ ಮಾವನದೇ ಒಂದು ಪದ ಎತ್ತಿಕೊಂಡಳು. ತಾಳ ಒಂದು ಕಡೆ, ನುಡಿ ಇನ್ನೊಂದು ಕಡೆ! ಮೊದಲ ನುಡಿಗೆ ಮಾವ ಹುಬ್ಬು ಗಂಟಿಕ್ಕಿದರು. ಎರಡನೆಯದಕ್ಕೆ ಎದ್ದು ನಿಂತರು. ಮೂರನೆಯದಕ್ಕೆ ತಡೆಯಲಾಗಲಿಲ್ಲ.

"ತಪ್ಪು... ತಪ್ಪು ಹಾಡಾಕತ್ತೀ..."

ಒಡೆದ, ಕೀರಲು ದನಿ. ಆದರೆ ದನಿ!

ಅತ್ತೆಯ ಕೈ ನಿಂತಿತು. ಒಲೆಯ ಮೇಲಿನ ರೊಟ್ಟಿ ಕರಿಯಾಗುತ್ತಿತ್ತು. ಅವಳು ತಿರುಗಲಿಲ್ಲ.

"ಗೊತ್ತೈತ್ರಿ. ನಿಮ್ಮ ಪದ ಎಲ್ಲಾ ನನಗ ಬಾಯಿಪಾಠ ಅದಾವ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.