ಕೂರಲು ಬಾರದ ಮಾಸ್ಟರ್

ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷ. ಸ್ಥಳ: ಭದ್ರಾವತಿ ಓಲ್ಡ್ ಟೌನ್‌ನಲ್ಲಿ ನನ್ನ ತಮ್ಮನ ಟೈಲರ್ ಅಂಗಡಿ. ಹಾಜರಿದ್ದವರು: ನಾನು, ತಮ್ಮ, ಅವನ ಹೆಂಡತಿ, ಮತ್ತು ಈ ಸಭೆಗೆ ಕಾರಣವಾದ ಅವನ ಎಡಗಾಲು.

ಲೋಕದಲ್ಲಿ ಈಜಲು ಬಾರದವರಿದ್ದಾರೆ, ಸೈಕಲ್ ತುಳಿಯಲು ಬಾರದವರಿದ್ದಾರೆ. ನನ್ನ ತಮ್ಮನಿಗೆ ಕೂರಲು ಬರುವುದಿಲ್ಲ! ಅಂಗಡಿಯಲ್ಲಿ ಹೊಲಿಯುವವರು ಇಬ್ಬರಿದ್ದಾರೆ, ಅವರು ಕೂರುತ್ತಾರೆ. ಅಳತೆ ತೆಗೆದು ಬಟ್ಟೆ ಕತ್ತರಿಸುವ ಮಾಸ್ಟರ್ ಇವನು. ಅದು ನಿಂತು ಮಾಡುವ ಕೆಲಸ, ಒಪ್ಪೋಣ. ಆದರೆ ಊಟ? ಮದುವೆಮನೆಯಲ್ಲಿ ಎಲೆ ಹಾಕಿದ ಪಂಕ್ತಿ ಬಿಟ್ಟು ಬಫೆಯ ತಟ್ಟೆ ಹಿಡಿದು ನಿಲ್ಲುತ್ತಾನೆ. ಬಸ್ಸು? ಶಿವಮೊಗ್ಗದ ನಮ್ಮ ಮನೆಗೆ ಬರುವಾಗ ಅರ್ಧ ಬಸ್ಸು ಖಾಲಿಯಿದ್ದರೂ ಕಂಬಿಗೆ ಜೋತುಬಿದ್ದಿರುತ್ತಾನೆ. ಒಮ್ಮೆ ಕಂಡಕ್ಟರ್ ಅನುಮಾನ ಬಂದು ಸೀಟು ಮುಟ್ಟಿ ನೋಡಿದನಂತೆ, ಒದ್ದೆಯಾಗಿದೆಯೇನೋ ಎಂದು. ಯಾಕೆ ಕೂರುವುದಿಲ್ಲ ಎಂದು ಕೇಳಿದರೆ ಪ್ಯಾಂಟಿನ ಇಸ್ತ್ರಿ ಕೆಡುತ್ತದೆ ಎನ್ನುತ್ತಾನೆ. ಪಂಚೆ ಉಟ್ಟ ದಿನವೂ ಅದೇ ಉತ್ತರ. ನಾನು ಇಡೀ ಆಯುಷ್ಯ ದೈಹಿಕ ಶಿಕ್ಷಣದ ಟೀಚರ್ ಆಗಿದ್ದವಳು. ನಾನು ಒಂದು ಸೀಟಿ ಊದಿದರೆ ಮುನ್ನೂರು ಮಕ್ಕಳು ಕೂರುತ್ತಿದ್ದರು. ಇವನು ಮಾತ್ರ ನನಗೆ ಅರ್ಥವಾಗಲಿಲ್ಲ.

ಅವನ ಮೊಣಕಾಲ ಕೆಳಗೆ ನೀಲಿ ನರಗಳು ಹಗ್ಗದಂತೆ ಉಬ್ಬಿವೆ. ವೆರಿಕೋಸ್ ವೇನ್ ಎಂದರು ಶಿವಮೊಗ್ಗದ ಡಾಕ್ಟರು. ಬೆಳಿಗ್ಗೆಯೇ ಮೊಣಕಾಲುದ್ದದ ಬಿಗಿ ಕಾಲುಚೀಲ, ಅಂದರೆ ಸ್ಟಾಕಿಂಗ್, ಹಾಕಬೇಕು, ಗಂಟೆಗೊಮ್ಮೆ ಕೂತು ಕಾಲು ಎತ್ತಿಡಬೇಕು. ಇಲ್ಲದಿದ್ದರೆ ಪಾದದ ಗಂಟಿನ ಬಳಿ ಚರ್ಮ ಬಿರಿದು ಹುಣ್ಣಾಗುತ್ತದೆ, ಆಮೇಲೆ ಕಟಿಂಗ್ ಟೇಬಲ್ ಬಿಡಬೇಕಾಗುತ್ತದೆ ಎಂದಿದ್ದರು. ಆ ಟೇಬಲ್ ಬಿಟ್ಟರೆ ಅವನಿಗೆ ಬೇರೆ ಯಾವ ಕೆಲಸವೂ ಗೊತ್ತಿಲ್ಲ. ನಾನು ಒಂದು ವೇಳಾಪಟ್ಟಿ ಬರೆದು ಅಂಗಡಿಯ ಗೋಡೆಗೆ ಅಂಟಿಸಿ ಬಂದೆ. ಅವನು ಅದನ್ನು ಕಿತ್ತು, ಅಂಚು ಸೊಟ್ಟಗಿದೆಯೆಂದು ಕತ್ತರಿಯಲ್ಲಿ ನೇರ ಮಾಡಿ, ಮತ್ತೆ ಅಂಟಿಸಿದ. ಪಾಲಿಸಿದನೇ? ಸ್ಟಾಕಿಂಗನ್ನು ಒಂದು ದಿನವೂ ತಪ್ಪಿಸಲಿಲ್ಲ ಎಂದು ಅವನ ಹೆಂಡತಿಯೇ ಸಾಕ್ಷಿ ಹೇಳಿದಳು. ನೋವು ಮಾತ್ರ ಹೆಚ್ಚುತ್ತಲೇ ಹೋಯಿತು. ಇದೆಂಥ ಕಾಲಪ್ಪಾ ಎಂದು ನನಗೆ ದಿಕ್ಕೇ ತೋಚಲಿಲ್ಲ. ಹಾಗಾಗಿ ಆ ಸೋಮವಾರ ತಪಾಸಣೆಗೆ ಬಂದಿದ್ದೆ.

ಪ್ಯಾಂಟ್ ಎತ್ತಿಸಿ ನೋಡಿದರೆ, ಸ್ಟಾಕಿಂಗಿನ ಕೆಳಭಾಗದಲ್ಲಿ ಶಾಲಾ ಯೂನಿಫಾರಂನ ಚೌಕುಳಿ ಬಟ್ಟೆ!

"ಇದೇನೋ?"

"ಆಲ್ಟ್ರೇಷನ್ ಅಕ್ಕ. ಫ್ಯಾಕ್ಟರಿಯವ್ರು ಕಟಿಂಗೇ ತಪ್ಪು ಮಾಡಿದ್ರು. ಕೆಳಗೆ ಬಿಗಿ, ಮೇಲೆ ಲೂಸು. ಹಂಗೆ ಯಾರಾದ್ರೂ ಹೊಲೀತಾರಾ? ಕೆಳಗೆ ಬಿಚ್ಚಿ ಎರಡಿಂಚು ತುಂಡು ಕೊಟ್ಟೆ, ಮೇಲೆ ಹಿಡಿದು ಬಿಗಿ ಮಾಡ್ದೆ. ಈಗ ಫಿಟ್ಟಿಂಗ್ ಸರಿ ಆಯ್ತು."

"ನನ್ನ ರವಿಕೆ ಮೂರು ತಿಂಗಳಿಂದ ಬಿದ್ದಿದೆ ಅತ್ತಿಗೆ," ಎಂದಳು ಹೆಂಡತಿ. "ಇದು ಒಂದೇ ದಿನಕ್ಕೆ ಆಯ್ತು ನೋಡಿ."

ಒಂಬತ್ತು ಹತ್ತರ ಶಿವಮೊಗ್ಗ ಬಸ್ಸಿಗೆ ಅವನನ್ನು ಹೊರಡಿಸಿದೆ. ನಿಂತೇ ಬಂದ. ಡಾಕ್ಟರು ಆ ಸ್ಟಾಕಿಂಗನ್ನು ತಿರುಗಿಸಿ ಮುರುಗಿಸಿ ನೋಡಿದರು. ಕೆಳಗೆ ಬಿಗಿಯಿದ್ದರೆ ತಾನೇ ರಕ್ತ ಮೇಲೇರುವುದು, ನೀವು ಮೇಲೆ ಬಿಗಿದು ಅಣೆಕಟ್ಟು ಕಟ್ಟಿದ್ದೀರಿ ಎಂದು ವಿವರಿಸಿದರು. ತಮ್ಮ ಗಂಭೀರವಾಗಿ ತಲೆಯಾಡಿಸಿ, ಹಾಗಾದರೆ ಕಂಪನಿಯವರು ಚೀಟಿಯಲ್ಲಿ ಬರೆಯಬೇಕಿತ್ತು ಎಂದ. ನಾವೆಲ್ಲ ನಕ್ಕೆವು. ಆಮೇಲೆ ಡಾಕ್ಟರು ಅವನ ಪಾದದ ಗಂಟನ್ನು ನೋಡಿ ನಗು ನಿಲ್ಲಿಸಿದರು. ಅಲ್ಲಿ ಕಾಳಿನಷ್ಟು ಜಾಗದಲ್ಲಿ ಚರ್ಮ ಬಿರಿದು ಒದ್ದೆಯಾಗಿತ್ತು. ಔಷಧಿ ಹಚ್ಚಿ, ಪಟ್ಟಿ ಕಟ್ಟಿ, ಹೊಸ ಸ್ಟಾಕಿಂಗ್ ಬರೆದುಕೊಟ್ಟು, ಒಂದು ತಿಂಗಳು ನೋಡೋಣ, ಕೂರದಿದ್ದರೆ ಅಂಗಡಿ ಮರೆತುಬಿಡಿ ಎಂದರು.

ಸಂಜೆ ಐದಕ್ಕೆ ಮತ್ತೆ ಅಂಗಡಿ. ಹೊಲಿಯುವವರಿಬ್ಬರೂ ಕಾಫಿಗೆ ಹೋಗಿದ್ದರು. ನಾನು ಸ್ಟೂಲು ಎಳೆದು, "ಕೂತ್ಕೋ ಮಾರಾಯ," ಎಂದೆ. ಅವನು ಟೇಬಲ್ಲಿನ ಅಂಚು ಹಿಡಿದು ನಿಂತೇ ಇದ್ದ. ಗದರಿದೆ. ಕೊನೆಗೆ ಬಟ್ಟೆಯ ಕಡೆ ನೋಡುತ್ತಲೇ ಹೇಳಿದ:

"ಕೂತ್ರೆ ಏಳೋಕೆ ಆಗಲ್ಲ ಅಕ್ಕ. ಸಿಡಿದುಹೋಗೋ ಥರ ನೋವು. ಒಂದ್ಸಲ ಗಿರಾಕಿಗಳ ಮುಂದೆ ಮುಗ್ಗರಿಸಿದೆ. ಕೈ ಹಿಡಿದು ಎಬ್ಬಿಸಬೇಕಾದ ಮಾಸ್ಟರ್‌ಗೆ ಯಾರು ಬಟ್ಟೆ ಕೊಡ್ತಾರೆ?"

ಇಷ್ಟು ವರ್ಷ ಆ ಇಸ್ತ್ರಿಯ ಕಥೆ ಕೇಳಿ ನಾನು ನಗುತ್ತಿದ್ದೆ.

ಸ್ಟೂಲನ್ನು ಎತ್ತಿ, ಗಿರಾಕಿಗಳು ಬಟ್ಟೆ ಹಾಕಿ ನೋಡುವ ಮೂಲೆಯಲ್ಲಿಟ್ಟೆ. ಕಾಲಿಗೆ ಇನ್ನೊಂದು. ಅವನನ್ನು ಕೂರಿಸಿ ಪರದೆ ಎಳೆದೆ. ಅಷ್ಟರಲ್ಲಿ ಒಬ್ಬ ಹೆಂಗಸು ರವಿಕೆ ಬಟ್ಟೆ ಹಿಡಿದು ಬಂದು ಮಾಸ್ಟರ್ ಇಲ್ವಾ ಎಂದು ಕೇಳಿದಳು. ಬದುಕಿನಲ್ಲಿ ಸುಳ್ಳು ಹಾಜರಿ ಹಾಕದ ನಾನು, "ಒಳಗೆ ಟ್ರಯಲ್ ನೋಡ್ತಿದ್ದಾರೆ, ಹದಿನೈದು ನಿಮಿಷ ಕೂತಿರಿ," ಎಂದೆ.

ಗಡಿಯಾರ ನೋಡಿ ಹದಿನೈದು ನಿಮಿಷಕ್ಕೆ ಒಳಗೆ ಹೋಗಿ ಎರಡೂ ಕೈ ಚಾಚಿದೆ. ಹಿಡಿದುಕೊಂಡು ಎದ್ದ. ಹಲ್ಲು ಕಚ್ಚಿದ್ದ, ಸದ್ದು ಮಾಡಲಿಲ್ಲ. ಕಾಲು ನೆಲಕ್ಕೆ ಒಗ್ಗುವವರೆಗೂ ನನ್ನ ಕೈ ಬಿಡಲಿಲ್ಲ. ಬಿಟ್ಟ ಮೇಲೆ ಅಳತೆಪಟ್ಟಿಯನ್ನು ಅವನ ಕೊರಳಿಗೆ ಹಾಕಿ, ಪರದೆ ಸರಿಸಿದೆ.